ಮಲ್ಲಾಜಕ್ಕನ ಮುಂದೆ ಬೆಟ್ಟ ಅನ್ನಂಗಿಲ್ಲ

ನಮ್ಮ ಕಡೆ ಬೆಟ್ಟ ಅಂದ್ರೆ ಒಂದೇ. ಚಾಮುಂಡಿ ಬೆಟ್ಟ ಅಂತೀವಿ, ಬಿಳಿಗಿರಿರಂಗನ ಬೆಟ್ಟ ಅಂತೀವಿ, ಅದಕ್ಕೆಲ್ಲ ಮುಂದೊಂದು ಹೆಸರು ಸೇರಿಸಬೇಕು. ಬರೀ "ಬೆಟ್ಟಕ್ಕೆ ಹೋಗಿದ್ದೆ" ಅಂದ್ರೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆ ಅಂತ ಅರ್ಥ. ಯಾವ ಬೆಟ್ಟ ಅಂತ ಯಾರಾದ್ರೂ ತಿರುಗಿ ಕೇಳಿದ್ರೆ ಅವರು ಈ ಸೀಮೆಯವರಲ್ಲ ಅಂತ ತಿಳ್ಕೋಬೇಕು. ಅಂಥ ಮಾತನ್ನ ನಮ್ಮ ಮನೆಯಲ್ಲಿ ಮಾತ್ರ ಯಾರೂ ಆಡಂಗಿರಲಿಲ್ಲ.

ಆಡಂಗಿರಲಿಲ್ಲ ಅಂದ್ರೆ ಗೋಡೆ ಮೇಲೆ ಬೋರ್ಡೇನೂ ಬರೆದು ಹಾಕಿರಲಿಲ್ಲ. ನಮ್ಮ ಮಲ್ಲಾಜಕ್ಕ ಇದ್ದಾಳಲ್ಲ, ಅವಳೇ ಬೋರ್ಡು. ಅಕ್ಕ ಅಂದ್ರೆ ಒಡಹುಟ್ಟಿದೋಳಲ್ಲ, ನನ್ನ ವಾರಗಿತ್ತಿ. ನಮ್ಮ ಯಜಮಾನರು ಸೋಮಶೇಖರ್ ಅವರ ಅಣ್ಣನ ಹೆಂಡತಿ. ಚಿಕ್ಕಯ್ಯನಛತ್ರದಲ್ಲಿ ನಮ್ಮದು ಇವತ್ತಿಗೂ ಒಂದೇ ಮನೆ, ಒಂದೇ ಒಲೆ. ಎದುರು ಮನೆಯಲ್ಲಿ ಬೆಟ್ಟಸ್ವಾಮಿ ಅಂತ ಒಬ್ಬ ಇದ್ದಾನೆ, ಟೆಂಪೋ ಟ್ರಾವೆಲರ್ ಇಟ್ಕೊಂಡಿದ್ದಾನೆ. ಅಕ್ಕನ ಎದುರಿಗೆ ಅವನ ಹೆಸರು ಕರೆಯೋದಕ್ಕೂ ನಮಗೆ ಭಯ, ಬರೀ "ಸ್ವಾಮಿ" ಅಂತೀವಿ. ಪಾಪ, ಅವನು ಒಂದು ದಿನ ನಮ್ಮ ಯಜಮಾನರನ್ನ ಕೇಳಿದ್ನಂತೆ, "ಏನ್ಲಾ ಸೋಮು, ನಿಮ್ಮನೆ ಒಸ್ಲು ದಾಟುದ್ರೆ ನನ್ನೆಸ್ರು ಅರ್ಧ ಮುರ್ದು ಬಿದ್ದೋಯ್ತದಲ್ಲಾ" ಅಂತ.

ಕಾರಣ ಇಷ್ಟೇ. ಅಕ್ಕನ ಗಂಡ, ನಮ್ಮ ಭಾವ ಪುಟ್ಟಬಸವಯ್ಯ, ಒಂದು ಶಿವರಾತ್ರಿಗೆ ಊರಿನೋರ ಜೊತೆ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋದರು. ಬುಡದಲ್ಲಿರೋ ತಾಳಬೆಟ್ಟ ದಾಟಿ ಮೇಲೆ ಹತ್ತಬೇಕಾದ್ರೆ ಎದೆ ಹಿಡ್ಕೊಂಡು ಒಂದು ಮರದ ಬುಡದಲ್ಲಿ ಕೂತರಂತೆ, ಮತ್ತೆ ಏಳಲಿಲ್ಲ. ಒಬ್ಬಳೇ ಮಗಳು ಬಿಂದುಶ್ರೀ ಆಗಿನ್ನೂ ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದಳು. ಮಣ್ಣಿಗೆ ಬಂದೋರೆಲ್ಲ ಒಂದೇ ರಾಗ. "ಪುಣ್ಯವಂತ ಕಣಮ್ಮಿ, ಮಾದಪ್ಪನೇ ಕರಸ್ಕಂಡ. ಅಂಥ ಸಾವು ಯಾರಿಗೆ ಸಿಕ್ಕದು?" ಅಕ್ಕ ಕೇಳಿದ್ಲು, ಕೇಳಿದ್ಲು, ಕೊನೆಗೆ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದ್ಲು. "ಕರಸ್ಕಳಕ್ಕೆ ನನ್ ಗಂಡ ಏನು ಅವನ ಮನೆ ಜೀತದಾಳಾ? ಇನ್ನೊಂದ್ಸಲ ಬೆಟ್ಟದ ಸುದ್ದಿ ನನ್ ಬಾಗ್ಲಿಗೆ ತಂದ್ರೆ ಪೊರಕೆ ತಕ್ಕತೀನಿ. ಆ ಬೆಟ್ಟಕ್ಕೆ ನಾನು ಕಾಲಿಡಕಿಲ್ಲ."

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಅವತ್ತಿಂದ ನಮ್ಮ ಮನೆಯಲ್ಲಿ ಆ ಮಾತಿಲ್ಲ.

ಅಕ್ಕನ ಬಾಯಿ ಅಂದ್ರೆ ಊರಿಗೇ ಗೊತ್ತು. ಹುಟ್ಟಿದ್ದು ಬದನವಾಳಿನ ಹತ್ತಿರ. ಹುಡುಗಿಯಾಗಿದ್ದಾಗ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೀತಿದ್ದಳು. "ನೂಲು ತೆಗ್ದ ಕೈ ಕಣಮ್ಮಿ ಇದು, ಎಷ್ಟು ಎಳುದ್ರೆ ಅರಿತದೆ ಅಂತ ಗೊತ್ತು" ಅಂತ ಜಂಬ ಕೊಚ್ಕೋತಾಳೆ. ಮನುಷ್ಯರ ವಿಷಯದಲ್ಲಿ ಮಾತ್ರ ಅದು ಗೊತ್ತಿಲ್ಲ, ಹರಿಯೋವರೆಗೂ ಎಳೀತಾಳೆ. ಗಂಡ ಹೋದಮೇಲೆ ಬಾಳೆ ತೋಟ, ಗದ್ದೆ, ಎರಡು ಹಸು ಎಲ್ಲಾನೂ ಅವಳೇ ನೋಡ್ಕೊಂಡಳು. ನಮ್ಮ ಯಜಮಾನರು ಹೆಸರಿಗೆ ಗಂಡಸು. ಬಾಳೆ ಕಡಿಯೋಕೆ ಬರೋ ವ್ಯಾಪಾರಿಗಳು ಮೊದಲು ಬಾಗಿಲಲ್ಲಿ ಇಣುಕಿ, "ಮಲ್ಲಾಜಮ್ಮ ಇದ್ದಾರಾ?" ಅಂತ ಕೇಳಿ, ಇದ್ದಾಳೆ ಅಂದ್ರೆ ನಾಳೆ ಬರ್ತೀವಿ ಅಂತ ಹೋಗಿದ್ದುಂಟು. ಹಾಗಂತ ಕೆಟ್ಟವಳಲ್ಲ. ಬೈದು ಬೈದು ಅನ್ನ ಬಡಿಸ್ತಾಳೆ. ನನ್ನ ಎರಡು ಬಾಣಂತನಾನೂ ಅವಳೇ ಮಾಡಿದ್ದು, ಬೈಸ್ಕೊಳ್ಳದ ಒಂದು ದಿನವೂ ನನಗೆ ನೆನಪಿಲ್ಲ.

ಇಂಥವಳು ಹೆದರೋದು ಒಂದಕ್ಕೇ, ಆಸ್ಪತ್ರೆಗೆ. ನಮ್ಮೂರ ಹೈಸ್ಕೂಲಲ್ಲಿ ಒಂದು ಸಲ ಕಣ್ಣಿನ ಕ್ಯಾಂಪ್ ಹಾಕಿದ್ರು. ಬಲವಂತ ಮಾಡಿ ಕರ್ಕೊಂಡು ಹೋದೆ. ಕಣ್ಣಿಗೆ ಡ್ರಾಪ್ಸ್ ಬಿಟ್ಟು ಬೆಂಚಿನ ಮೇಲೆ ಕೂರಿಸಿದ್ರು. ಪಕ್ಕದೋಳಿಗೆ ನರ್ಸು "ಪೊರೆ ಬಂದಿದೆ, ಆಪರೇಷನ್ ಆಗ್ಬೇಕು" ಅಂದಿದ್ದು ಕಿವಿಗೆ ಬಿತ್ತು ನೋಡಿ, ಕಣ್ಣು ಮಂಜಾಗಿದ್ರೂ ಗೋಡೆ ತಡವರಿಸಿಕೊಂಡು ಎದ್ದು ಹೊರಟೇಬಿಟ್ಟಳು. ಗೇಟಲ್ಲಿ ನಿಲ್ಲಿಸಿದ್ದ ಹೆಡ್‌ಮಾಸ್ಟರ ಸ್ಕೂಟರು ಕೆಡವಿ, ಅದಕ್ಕೇ ನಾಲ್ಕು ಬೈದು ಮನೆ ಸೇರಿದ್ಲು. ಅವತ್ತಿಂದ ಕ್ಯಾಂಪು ಅಂದ್ರೆ ಅವಳಿಗೆ ಕುಯ್ಯೋ ಜಾಗ.

ನನಗೆ ನಂಜನಗೂಡಲ್ಲಿ ಬ್ಲೌಸ್ ಹೊಲಿಯೋ ಒಂದು ಸಣ್ಣ ಅಂಗಡಿ ಇದೆ. ಒಂದು ದಿನ ಬಿಂದು ಮದುವೆ ಬ್ಲೌಸಿನ ಅಳತೆ ಕೊಡೋಕೆ ಬಂದಿದ್ದಳು. ತಾಂಡವಪುರದ ಹತ್ತಿರ ಒಂದು ಫ್ಯಾಕ್ಟರಿ ಲ್ಯಾಬಲ್ಲಿ ಅವಳಿಗೆ ಕೆಲಸ. ಹುಡುಗ ಹೇಮಂತ್, ತಿ. ನರಸೀಪುರದವನು, ಒಳ್ಳೆಯವನು. ಮೊಬೈಲ್ ತೆಗೆದು ಮರದ ಮನೆಯೊಂದರ ಫೋಟೋ ತೋರಿಸಿದ್ಲು. ಹನೂರು ದಾಟಿ ಕಾಡಂಚಲ್ಲಿ ಯಾರೋ ಕಟ್ಟಿದ್ದಾರಂತೆ, ಕ್ಯಾಬಿನ್ ಅಂತಾರಂತೆ. ಮುಂದೆ ಬೆಂಕಿ ಹಾಕ್ಕೊಂಡು ಕೂರಬಹುದಂತೆ, ಜಗುಲಿಯಲ್ಲಿ ನಿಂತ್ರೆ ಮಲೆಗಳ ಸಾಲು ಕಾಣುತ್ತಂತೆ. "ಹೇಮಂತ್ ಹುಡುಕಿದ್ದು ಚಿಕ್ಕಮ್ಮ. ಮದುವೆಗೆ ಮುಂಚೆ ಒಂದು ಭಾನುವಾರ ಅವ್ವನ್ನ, ನಿಮ್ಮನ್ನ ಎಲ್ಲಾ ಕರ್ಕೊಂಡು ಹೋಗ್ಬೇಕು. ಬುಕ್ ಮಾಡಿಬಿಟ್ಟೆ."

"ಹನೂರು ದಾಟಿ ಅಂದ್ರೆ?" ಅಂದೆ. ಟೇಪು ಕೈಯಲ್ಲೇ ಉಳೀತು.

"ಅಂದ್ರೆ ಅದೇ. ಅಲ್ಲಿಂದ ಬೆಟ್ಟ ಹತ್ರ."

"ಅಯ್ಯೋ ಶಿವನೇ! ತಲೆ ಸರಿ ಇದ್ಯಾ ನಿಂಗೆ? ಮದುವೆ ಇಟ್ಕೊಂಡು ನಿಮ್ಮವ್ವನ್ನ ಕೆಣಕೋಕೆ ಹೋಗ್ತೀಯಲ್ಲ."

ಆಗ ಅವಳು ಹೇಳಿದ್ಲು. ಹೇಮಂತನ ಮನೆದೇವರು ಮಾದಪ್ಪ. ಮದುವೆಯಾದ ಮೇಲೆ ಗಂಡು ಹೆಣ್ಣನ್ನ ಬೆಟ್ಟಕ್ಕೆ ಕರ್ಕೊಂಡು ಹೋಗೋದು ಅವರ ಮನೆ ಪದ್ಧತಿ. "ನಾನು ಹುಟ್ಟಿ ಇಷ್ಟು ವರ್ಷ ಆಯ್ತು, ಬೆಟ್ಟ ನೋಡಿಲ್ಲ. ಮೊದಲ್ನೇ ಸಲ ಅತ್ತೆ ಹಿಂದೆ ಹೋಗ್ಬೇಕಾ? ನಮ್ಮಪ್ಪ ಬಿದ್ದ ಜಾಗಾನ ಅವರು ನನಗೆ ತೋರಿಸ್ಬೇಕಾ ಚಿಕ್ಕಮ್ಮ? ನಾನು ಅವ್ವನ ಜೊತೆ ಹೋಗ್ಬೇಕು." ಮೂಗು ಒರೆಸ್ಕೊಂಡಳು. "ರಾತ್ರಿ ಆ ಮನೆಯಲ್ಲಿರೋದು. ಬೆಳಗ್ಗೆ ಮಲೆ ನೋಡ್ತಾ ಕೂತಾಗ ಕೇಳ್ತೀನಿ. ಬರ್ತೀನಿ ಅಂದ್ರೆ ಮೇಲಕ್ಕೆ, ಬರಲ್ಲ ಅಂದ್ರೆ ವಾಪಸ್ ಮನೆಗೆ. ಆಮೇಲೆ ಜನ್ಮದಲ್ಲಿ ಕೇಳಲ್ಲ."

ಅವಳು ಕೇಳ್ತಿದ್ದಿದ್ದು ತಪ್ಪಾ? ಅಲ್ಲ. ಆದರೆ ಮಲ್ಲಾಜಕ್ಕನ್ನ ಬಲ್ಲೋರಿಗೆ ಗೊತ್ತು ಸಂಕಟ. ಬೆಳಗ್ಗೆ ಎದ್ದು ಎದುರಿಗೆ ಆ ಮಲೆ ಕಂಡು, ಮೋಸ ಮಾಡಿ ಕರ್ಕೊಂಡು ಬಂದ್ರಾ ಅಂತ ತಿರುಗಿಬಿದ್ರೆ? ಆನೆ ಓಡಾಡೋ ಕಾಡಲ್ಲಿ ಒಬ್ಬಳೇ ಕೈ ಬೀಸ್ಕೊಂಡು ಮನೆ ಕಡೆ ಹೊರಟುಬಿಟ್ರೆ? ಹೊರಡೋ ಪೈಕಿನೇ ಅವಳು. ಮದುವೆ ಚಪ್ಪರಕ್ಕೆ ಬರಲ್ಲ ಅಂತ ಕೂತ್ರೆ? ಹೆತ್ತ ತಾಯಿ ಮಗಳ ಜೊತೆ ಮಾತು ಬಿಟ್ರೆ ಆ ಹುಡುಗಿ ಯಾವ ಮುಖ ಇಟ್ಕೊಂಡು ಗಂಡನ ಮನೆಗೆ ಹೋಗ್ತಾಳೆ? ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಹಾಗಾಯ್ತು ನಮ್ಮ ಕಥೆ. ಅವತ್ತು ಯಾರದೋ ರವಿಕೆಗೆ ಎರಡೂ ಎಡಗೈ ತೋಳೇ ಕತ್ತರಿಸಿಬಿಟ್ಟೆ.

ನಾವೆಲ್ಲ ನನ್ನ ಅಂಗಡಿಯಲ್ಲೇ ಸೇರಿ ಏರ್ಪಾಡು ಮಾಡಿದ್ವಿ. ಏರ್ಪಾಡು ಅಂದ್ರೆ ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ನಮ್ಮ ಯಜಮಾನರಿಗೆ ಚಳಿ ಚಿಂತೆ. ಬೆಟ್ಟಸ್ವಾಮಿಗೆ ದಾರಿ ಚಿಂತೆ. "ಕತ್ಲಾಗೋದ್ರೊಳಗೆ ಸೇರ್ಕಬೇಕು ಸೋಮು, ಆ ಕಡೆ ಆನೆ ರೋಡಲ್ಲೇ ನಿಂತಿರ್ತದೆ. ಆರನ್ ಒಡುದ್ರೆ ಮುಗೀತು ಕತೆ." ಬಿಂದುಗೆ ಅಲ್ಲಿ ಫೋನು ಸಿಗಲ್ಲ ಅನ್ನೋ ಚಿಂತೆ. ನನಗೆ ಚಳೀನೂ ಬೇಡ, ಆನೇನೂ ಬೇಡ. ಅಕ್ಕನಿಗೆ ಏನಂತ ಹೇಳೋದು ಅನ್ನೋದೇ ಚಿಂತೆ. ಬೆಟ್ಟ ಅನ್ನಂಗಿಲ್ಲ. ಕಾಡು ಅಂದ್ರೆ ಯಾವ ಕಾಡು ಅಂತಾಳೆ. ಟೂರು ಅಂದ್ರೆ, ಮದುವೆ ಇಟ್ಕೊಂಡು ಟೂರು ಕೇಡು ಅಂತಾಳೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?

"ಅದೇನೋ ಇಂಗ್ಲಿಷಲ್ಲಿ ಅಂತಾರಲ್ಲ, ಕ್ಯಾಂಪಿಂಗು, ಕ್ಯಾಬಿನ್ನು, ಹಾಗೇ ಹೇಳಿಬಿಡು" ಅಂದರು ನಮ್ಮ ಯಜಮಾನರು. "ಅರ್ಥವಾಗದಿದ್ರೆ ಇನ್ನೂ ಒಳ್ಳೇದು."

ಬುದ್ಧಿವಂತರು! ಆ ಬುದ್ಧಿಗೆ ನಾನೂ ತಲೆ ಆಡಿಸಿದೆ.

ಮಾರನೇ ದಿನ ಬೆಳಗ್ಗೆ ಅಕ್ಕ ಅಕ್ಕಿರೊಟ್ಟಿ ತಟ್ತಿದ್ದಳು. ಒಲೆ ಹತ್ತಿರ ಹೋಗಿ ಕೂತೆ.

"ಅಕ್ಕ, ಈ ಭಾನುವಾರ ಕ್ಯಾಂಪಿಗೆ ಹೋಗ್ಬೇಕು. ಬಿಂದು ಎಲ್ಲಾ ಬುಕ್ ಮಾಡಿದ್ದಾಳೆ."

ಅವಳ ಕೈ ನಿಂತಿತು. "ಏನು ಕ್ಯಾಂಪು?"

"ಅದೇ ಅಕ್ಕ, ಕ್ಯಾಂಪು. ಅಲ್ಲಿ ಕ್ಯಾಬಿನ್ ಅಂತ ಇರುತ್ತೆ. ಒಂದು ರಾತ್ರಿ ಇರ್ಬೇಕು, ಬೆಳಗ್ಗೆ ನೋಡ್ಕೊಂಡು ಬಂದುಬಿಡೋದು."

"ಯಾರ್ಗೆ?"

"ಯಾರಿಗೆ ಅಂದ್ರೆ? ನಿನಗೇ. ನಿನಗೋಸ್ಕರನೇ ಬಿಂದು ಮಾಡ್ಸಿರೋದು."

ರೊಟ್ಟಿ ಸೀಯ್ತಾ ಇತ್ತು. ಅಕ್ಕ ತಿರುವಿ ಹಾಕಲಿಲ್ಲ. "ಊಟ ತಿಂಡಿ?" ಅಂದಳು.

"ಎಲ್ಲಾ ಅವರೇ ಕೊಡ್ತಾರೆ. ಮಂಚ, ಹೊದಿಕೆ ಎಲ್ಲಾ ಅವರದ್ದೇ. ಏನೂ ತಗೊಂಡು ಹೋಗಂಗಿಲ್ಲ."

"ಜೊತೇಲಿ ಒಬ್ರು ಇರಬೋದಾ?"

"ಒಬ್ರು ಯಾಕೆ? ನಾವೆಲ್ಲ ಇರ್ತೀವಿ. ಸ್ವಾಮಿ ಗಾಡಿ ಹೇಳಿದೀವಿ."

"ಎಲ್ರೂವಾ" ಅಂದಳು. ದನಿ ಬಹಳ ಸಣ್ಣದಾಗಿತ್ತು. "ಯಾವ ಕಡೆ?"

"ಕೊಳ್ಳೇಗಾಲದ ಆಚೆ" ಅಂತ ಬಾಯಿತಪ್ಪಿ ಬಂದುಬಿಡ್ತು. ಬೆಟ್ಟದ ದಾರೀನೇ ಅದು, ನಾಲಿಗೆ ಕಚ್ಕೊಂಡೆ.

ಅಕ್ಕ ಬೈಯಲಿಲ್ಲ. "ಆಯ್ತು, ಓಗುವ" ಅಂದಳು.

ನಾವು ಹೇಳಿದ್ದೊಂದು, ಅವಳು ಕೇಳಿಸ್ಕೊಂಡಿದ್ದು ಇನ್ನೊಂದು. ಕ್ಯಾಂಪು ಅಂದ್ರೆ ಕುಯ್ಯೋ ಜಾಗ, ಕ್ಯಾಬಿನ್ನು ಅಂದ್ರೆ ಡಾಕ್ಟರು ಕೂರೋ ಗಾಜಿನ ರೂಮು. ಅದಕ್ಕೆ ಸರಿಯಾಗಿ, ಹಿಂದಿನ ತಿಂಗಳು ಸುಸ್ತು ಅಂದಳು ಅಂತ ಬಿಂದು ಅವಳ ರಕ್ತ ಪರೀಕ್ಷೆ ಮಾಡಿಸಿದ್ದಳು. ಏನೂ ಇರಲಿಲ್ಲ, ಏನೂ ಇಲ್ಲ ಅಂತಲೇ ಹೇಳಿದ್ದಳು. ಈಗ ಅಕ್ಕ ಅದಕ್ಕೂ ಇದಕ್ಕೂ ಗಂಟು ಹಾಕಿದಳು. ಮಗಳು ಮುಚ್ಚಿಟ್ಟಿದ್ದಾಳೆ, ಹೊಟ್ಟೆಯಲ್ಲಿ ಗೆಡ್ಡೆ ಇದೆ, ಕೊಳ್ಳೇಗಾಲದ ಆಚೆ ಯಾವುದೋ ಆಸ್ಪತ್ರೆಯಲ್ಲಿ ಕುಯ್ಯಿಸ್ತಾರೆ, ಉಳಿಯೋದು ಅನುಮಾನ, ಅದಕ್ಕೇ ಮನೆಮಂದಿಯೆಲ್ಲ ಬರ್ತಿರೋದು ಅಂತ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ನನಗೆ ಕಂಡಿದ್ದು ಒಂದೇ, ಅಕ್ಕ ಬೈಯೋದು ನಿಲ್ಲಿಸಿದ್ದಾಳೆ.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಬೈಗುಳ ಇಲ್ಲದೆ ನನಗೆ ಬೆಳಗಾಗಿದ್ದಿಲ್ಲ. ಈಗ ಹಾಲು ಉಕ್ಕಿ ಚೆಲ್ಲಿದ್ರೂ ಮಾತಿಲ್ಲ. "ಉಣಿಸೆಹಣ್ಣಿನ ಮಡಕೆ ಅಟ್ಟದ ಮೇಲದೆ, ಮರೀಬ್ಯಾಡ" ಅಂತಾಳೆ. "ಕೆಂದ ಅಸ ಎಡಗಡೆ ಕುಂತ್ರೆ ಒದೀತದೆ, ಬಲಗಡೆಯಿಂದ ಕರ್ಕೋ" ಅಂತಾಳೆ. ಬಿಂದುನ ಕೂರಿಸ್ಕೊಂಡು ಸಾರಿನ ಪುಡಿ ಹುರಿಯೋದು ತೋರಿಸ್ತಾಳೆ. ಎಲ್ಲಕ್ಕಿಂತ ಹೆಚ್ಚು ಅಂದ್ರೆ, ಪಕ್ಕದ ಗದ್ದೆಯ ಚನ್ನಬಸಮ್ಮನ ಜೊತೆ ಬದುವಿನ ಬೇವಿನಮರಕ್ಕೆ ಜಗಳ ಆಡಿ ಮಾತು ಬಿಟ್ಟಿದ್ದಳಲ್ಲ, ಒಂದು ಸಂಜೆ ತಾನೇ ಹೋಗಿ, "ಮರ ನೀನೇ ಇಟ್ಕ ಕಣಮ್ಮಿ" ಅಂದು ಬಂದಳಂತೆ. ಚನ್ನಬಸಮ್ಮ ಓಡಿಬಂದು ನನ್ನ ಕೇಳಿದ್ಲು, "ಏನ್ ಗೌರಿ, ಮಲ್ಲಾಜಕ್ಕಂಗೆ ಗಾಳಿಗೀಳಿ ಮೆಟ್ಕಂಡದಾ?"

ಬೆಟ್ಟದ ವಿಷಯ ತಿಳಿದುಹೋಗಿದೆ, ಕೊಳ್ಳೇಗಾಲ ಅಂದಾಗಲೇ ಹಿಡ್ಕೊಂಡಿದ್ದಾಳೆ ಅಂತ ನನ್ನ ಲೆಕ್ಕ. ಮನೆ ಬಿಟ್ಟು ತವರಿಗೆ ಹೋಗೋ ತಯಾರಿ ಇದು, ಇನ್ನೇನು? ಬದನವಾಳಿನ ಕಡೆ ತಮ್ಮ ಇದ್ದಾನಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಷ್ಟರಲ್ಲಿ ಒಂದು ಸಂಜೆ ಬಿಂದು ಬೆವತುಕೊಂಡು ನನ್ನ ಹತ್ತಿರ ಬಂದಳು.

"ಚಿಕ್ಕಮ್ಮ, ಅವ್ವಂಗೆ ಗೊತ್ತಾಗಿದೆ. ‘ನಿಂಗೆ ಮೊದ್ಲೇ ಗೊತ್ತಿತ್ತಾ, ಯಾರೇಳುದ್ರು’ ಅಂದ್ಲು. ಗೊತ್ತಿತ್ತು ಅಂದೆ. ‘ನನ್ ಕುಟ್ಟೆ ಯಾಕೆ ಏಳ್ನಿಲ್ಲ’ ಅಂತ ನನ್ನ ತಲೆ ಸವರಿದ್ಲು. ಬೈಯಲಿಲ್ಲ ಚಿಕ್ಕಮ್ಮ. ತಲೆ ಸವರಿದ್ಲು."

ಅವ್ವ ತಲೆ ಸವರಿದ್ದಕ್ಕೆ ಆ ಹುಡುಗಿ ನಡುಗ್ತಿದ್ದಳು, ಅಂಥ ಮನೆ ನಮ್ಮದು. ಕ್ಯಾನ್ಸಲ್ ಮಾಡಿಬಿಡೋಣ ಅಂದರು ನಮ್ಮ ಯಜಮಾನರು. ಬೇಡ ಅಂದಳು ಬಿಂದು. "ಈ ಸಲ ಬಿಟ್ರೆ ಮುಗೀತು. ಅತ್ತೆ ಆಗ್ಲೇ ನಾನು ಬೆಟ್ಟಕ್ಕೆ ಉಡೋ ಸೀರೆ ತೆಗೆದಿಟ್ಟಿದ್ದಾರೆ." ನಾನು ಆ ಕಡೆಯೂ ಅನ್ನಲಿಲ್ಲ, ಈ ಕಡೆಯೂ ಅನ್ನಲಿಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿದೆ.

ಶನಿವಾರ ಮಟಮಟ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಬಾಗಿಲಲ್ಲಿ ನೆರಳಾಯ್ತು. ನೋಡಿದ್ರೆ ಅಕ್ಕ! ಅಷ್ಟು ವರ್ಷ ಅಂಗಡಿ ಇಟ್ಟಿದ್ದೀನಿ, ಒಂದು ದಿನ ಬಂದೋಳಲ್ಲ. "ನಾಕು ಚಿಂದಿ ಒಲಿಯದು ನೋಡಕ್ಕೆ ಬಸ್ ಚಾರ್ಜು ಬೇರೆ ಕೇಡಾ" ಅಂತಿದ್ದೋಳು. ಇವತ್ತು ಗಂಜಿ ಹಾಕಿದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಒಬ್ಬಳೇ ಬಸ್ಸು ಹತ್ತಿ ಬಂದಿದ್ದಾಳೆ. ಗಿರಾಕಿಗಳು ಕೂರೋ ಸ್ಟೂಲಿನ ಮೇಲೆ ಕೂತಳು. ಬಂತು ನೋಡು, ಇವತ್ತು ನನ್ನ ಬೀದಿಯಲ್ಲಿ ನಿಲ್ಲಿಸಿ ಮಾನ ಕಳೀತಾಳೆ ಅಂದ್ಕೊಂಡೆ. ಎದ್ದು ನೀರು ಕೊಟ್ಟೆ.

"ಗೌರಿ, ಒಂದ್ಮಾತು ಕೇಳ್ತೀನಿ. ಇಲ್ಲ ಅನ್ನಬ್ಯಾಡ."

"ಕೇಳು ಅಕ್ಕ."

"ಕ್ಯಾಂಪಿಗೆ ಓಗಕ್ಕೂ ಮುಂಚೆ ನನ್ನ ಒಂದ್ಗಳಿಗೆ ಬೆಟ್ಟಕ್ಕೆ ಕರ್ಕಂಡೋಗಿ."

ನನಗೆ ಕಿವಿ ಕೇಳಿಸ್ತಿದೆಯೋ ಇಲ್ಲವೋ ಅನ್ನಿಸ್ತು. "ಎಲ್ಲಿಗೆ?" ಅಂದೆ.

"ಬೆಟ್ಟಕ್ಕೆ ಕಣಮ್ಮಿ, ಬೆಟ್ಟಕ್ಕೆ. ಯಾವ ಬೆಟ್ಟ ಅಂತ ಬೇರೆ ಕೇಳ್ತೀಯಾ? ಅವ್ರು ಕುಂತಿದ್ದ ಮರ ಸೋಮುಗೆ ಗೊತ್ತದಲ್ಲ, ಎಣ ತರಕ್ಕೆ ಅವ್ನೇ ತಾನೆ ಓಗಿದ್ದು. ನಾನೊಂದ್ಸಲ ನೋಡ್ಬೇಕು. ಆಮೇಲೆ ಕುಯ್ಯಲಿ, ಬುಡ್ಲಿ. ಎದ್ದು ಬತ್ತೀನೋ ಇಲ್ವೋ ಯಾರಿಗೆ ಗೊತ್ತು?"

"ಏನು ಕುಯ್ಯೋದು?"

"ಮುಚ್ಚಿಡಬ್ಯಾಡ ಗೌರಿ, ನಂಗೆಲ್ಲ ಗೊತ್ತು. ಒಟ್ಟೇಲಿ ಗೆಡ್ಡೆ ಅದೆ. ಅದಕ್ಕೇ ತಾನೆ ಈ ಕ್ಯಾಂಪು, ಕ್ಯಾಬಿನ್ನು?"

ನನಗೆ ನಗು ಬಂತು, ನಗೋದ್ರೊಳಗೆ ಅಳು ಬಂತು. ಅವಳ ಕಾಲ ಹತ್ತಿರ ಕೂತು ಎಲ್ಲಾ ಹೇಳಿಬಿಟ್ಟೆ. ಗೆಡ್ಡೆಯೂ ಇಲ್ಲ ಗಿಡ್ಡೆಯೂ ಇಲ್ಲ, ಕ್ಯಾಬಿನ್ನು ಅಂದ್ರೆ ಮರದ ಮನೆ, ಕ್ಯಾಂಪು ಅಂದ್ರೆ ಅಲ್ಲಿ ಹೋಗಿ ಇರೋದು, ಬಿಂದುಗೆ ನಿನ್ನ ಜೊತೆ ಬೆಟ್ಟಕ್ಕೆ ಹೋಗೋ ಆಸೆ, ಮಗು ಅಪ್ಪ ಹೋದ ಜಾಗಾನ ಅತ್ತೆ ಮನೆಯೋರ ಜೊತೆ ನೋಡಲ್ಲ ಅಂತಿದೆ, ಇಷ್ಟೇ ಅಕ್ಕ, ಇದಕ್ಕೇ ಇಷ್ಟು ನಾಟಕ ಅಂದೆ.

"ನಂಗೆ ಕಾಯ್ಲೆ ಇಲ್ವಾ?"

"ಇಲ್ಲ."

"ನಿನ್ ಮಕ್ಕಳ ಮೇಲಾಣೆ?"

"ನನ್ನ ಮಕ್ಕಳ ಮೇಲಾಣೆ."

ಅಕ್ಕ ನೀರು ಕುಡಿದಳು. ಬೆನ್ನಿಗೊಂದು ಗುದ್ದು ಕೊಟ್ಟಳು ನೋಡಿ, ಅಂಗಡಿ ಮುಂದೆ ಹೋಗ್ತಿದ್ದೋರು ತಿರುಗಿ ನೋಡಿದ್ರು. "ಆಳಾದೋಳೇ! ವಾರದಿಂದ ಸಾಯೋದ್ಕೆ ರೆಡಿಯಾಗಿ ಕುಂತಿದ್ನಲ್ಲೇ! ಬೇವಿನಮರ ಬ್ಯಾರೆ ಆ ಚನ್ನಬಸಿಗೆ ಕೊಟ್ಬಂದೆ! ಬೆಟ್ಟಕ್ಕೆ ಓಗುವ ಬಾ ಅನ್ನಕ್ಕೆ ನಿಮಗೆಲ್ಲ ಏನಾಗಿತ್ತು ದೊಡ್ಡರೋಗ?"

ನನಗೂ ಸಿಟ್ಟು ಬಂತು. ಎಷ್ಟು ದಿನದ ಹೆದರಿಕೆ ಅದು. "ನೀನೇ ತಾನೆ ಅಂದಿದ್ದು? ಭಾವನ ಮಣ್ಣಿನ ದಿನ, ಅಷ್ಟು ಜನರ ಮುಂದೆ. ಬೆಟ್ಟದ ಸುದ್ದಿ ತಂದ್ರೆ ಪೊರಕೆ ತಗೋತೀನಿ, ನಾನು ಕಾಲಿಡಕಿಲ್ಲ ಅಂತ."

"ಅಂಗಂದ್ನಾ?"

"ಅಂದೆ."

ಅವಳಿಗೆ ನಿಜವಾಗಲೂ ನೆನಪಿರಲಿಲ್ಲ. ಯೋಚನೆ ಮಾಡಿದ್ಲು. ಸೀರೆಯ ನಿರಿಗೆ ನೀವ್ತಾ ಕೂತಳು. ಆಮೇಲೆ ಮಾತಾಡಿದಾಗ ಜಗಳದ ದನಿ ಇರಲಿಲ್ಲ, ಅದೇ ನನಗೆ ತಡಕೊಳ್ಳೋಕೆ ಆಗಲಿಲ್ಲ.

"ಗಂಡನ ಎಣ ಮುಂದಿಟ್ಕಂಡು ಬಾಯಿಗೆ ಬಂದದ್ದು ಅಂದಿರ್ತೀನಿ ಗೌರಿ. ಅಷ್ಟು ಸಂಕ್ಟ ಆಗಿತ್ತು. ಅದನ್ನ ನೀವು ಇಷ್ಟೊರ್ಸ ಕಟ್ಕಂಡು ಕುಂತ್ರಾ? ಶಿವರಾತ್ರಿ ಬಂದ್ರೆ ತೋಟದ ಪಂಪಿನ ತಾವ ನಿಂತ್ಕಂಡು ನಡ್ಕಂಡೋಗೋರ್ಗೆಲ್ಲ ನೀರು ಕೊಡ್ತೀನಲ್ಲ, ಯಾವೂರೋರೋ, ಯಾರೋ, ‘ಬಾರವ್ವ, ನೀನೂ ಬೆಟ್ಟಕ್ಕೆ ಬಾ’ ಅಂತಾರೆ. ಪ್ರತಿ ಸಲ ಯಾರೋ ಒಬ್ರು ಅಂತಾರೆ. ನಮ್ಮನೇಲಿ ಒಬ್ರಾದ್ರೂ ಅಂದಾರು ಅಂತ ಮನೆಗೆ ಬತ್ತೀನಿ. ಬಂದ್ರೆ ನೀವೆಲ್ಲ ಬಾಯಿ ಮುಚ್ಕಂಡು ಕುಂತಿರ್ತೀರಿ. ದಾರೀಲೋಗೋರು ಕರುದ್ರು ಕಣಮ್ಮಿ, ಮನೆಯೋರು ಕರೀನಿಲ್ಲ."

ಕೈಯಲ್ಲಿದ್ದ ಬಟ್ಟೆಯನ್ನ ಮಡಚಿದೆ, ಬಿಚ್ಚಿದೆ. ಟೀ ತರಿಸಲಾ ಅಂದೆ, ಬೇಡ ಅಂದಳು. ಎದ್ದು ನಿಂತು, "ಬಿಂದುಗೆ ಏನೂ ಏಳಬ್ಯಾಡ, ಅವಳೇ ಬಂದು ಕೇಳ್ಲಿ" ಅಂದಳು. ಬಸ್‌ಸ್ಟ್ಯಾಂಡಿನವರೆಗೂ ಅವಳ ಹಿಂದೆ ನಡೆದೆ. ಬಸ್ಸು ಹತ್ತಿದೋಳು ಕಿಟಕಿಯಿಂದ ಕೂಗಿದಳು, ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದ್ದೀಯಲ್ಲ ದಡ್ಡಿ ಅಂತ.

ಸಂಜೆ ಬಿಂದು ಕೆಲಸ ಮುಗಿಸಿ ಬರೋ ಹೊತ್ತಿಗೆ ನಾನು ಬೀದಿ ತುದಿಯಲ್ಲೇ ಕಾಯ್ತಿದ್ದೆ. ಅಕ್ಕ ಏನೂ ಹೇಳಬೇಡ ಅಂದಿದ್ದಳು, ಹೇಳಲಿಲ್ಲ. "ಕ್ಯಾಬಿನ್ನು ಗೀಬಿನ್ನು ಎಲ್ಲಾ ಬಿಟ್ಟಾಕು. ಅಲ್ಲಿ ಹೋಗಿ ಬೆಳಗಾಗೋವರೆಗೂ ಕಾಯಬೇಡ. ಈಗಲೇ ಹೋಗಿ ಬೆಟ್ಟಕ್ಕೆ ಬಾ ಅಂತ ಕೇಳು" ಅಂದೆ. "ಇಲ್ಲ ಅಂದ್ರೆ ಚಿಕ್ಕಮ್ಮ?" ಅಂದಳು. ನಾನು ಕೈ ಹಿಡ್ಕೊಂಡು ಅಡುಗೆಮನೆ ಬಾಗಿಲವರೆಗೂ ತಂದು ಬಿಟ್ಟೆ.

ಅಕ್ಕ ನಮ್ಮ ಕಡೆ ಬೆನ್ನು ಹಾಕ್ಕೊಂಡು ಒಲೆ ಮುಂದೆ ನಿಂತಿದ್ದಳು, ಸಾರು ಕುದೀತಿತ್ತು. ಬಿಂದು ಬ್ಯಾಗೂ ಇಳಿಸಿರಲಿಲ್ಲ. ಆ ಹುಡುಗಿ ತಾಯಿ ಎದುರು ಆ ಮಾತನ್ನ ಹುಟ್ಟಾರಭ್ಯ ಆಡಿರಲಿಲ್ಲ.

"ಅವ್ವ, ಬೆ… ಬೆಟ್ಟಕ್ಕೆ ಹೋಗೋಣ. ನನ್ ಜೊತೆ ಬಾ ಅವ್ವ."

ಅಕ್ಕ ತಿರುಗಲಿಲ್ಲ. ಸೌಟು ಮಾತ್ರ ನಿಂತಿತು.

"ಇನ್ನೊಂದ್ಸಲ ಕರಿ ಮಗ" ಅಂದಳು.

ಬಿಂದು ಇನ್ನೊಂದು ಸಲ ಕರೆದಳು.